ಬಾಗಜ್ಜಿಯ ಮನೆ ಕಡಲಿಗೆ ಹೋದದ್ದು

“ನಗಬೇಡ ಅಂದೆನಲ್ಲ ಮಾರಾಯ್ತಿ! ಕಟ್, ಕಟ್!”

ಸುಧೀರಣ್ಣ ಮೊಬೈಲ್ ಕೆಳಗಿಳಿಸಿದರು. ನವ್ಯಶ್ರೀ ಬಾಯಿ ಮುಚ್ಚಿಕೊಂಡಳು. ತಪ್ಪು ಅವಳದ್ದಲ್ಲ. ಸುಧೀರಣ್ಣನ ಬೆನ್ನ ಹಿಂದೆ ನಿಂತ ಅವಳ ಗೆಳೆಯ ಸುಜಿತ್ ಅಳುಮುಖ ಮಾಡಿ, ಇಲ್ಲದ ಕಣ್ಣೀರು ಒರೆಸಿಕೊಳ್ಳುತ್ತಿದ್ದ.

“ಚಪ್ಪಲಿ ತೆಗಿ. ತಲೆ ಎಂತಕ್ಕೆ ಇಷ್ಟು ಚಂದ ಬಾಚಿದ್ದು? ಸ್ವಲ್ಪ ಕೆದರು.”

“ಅಮ್ಮ ಬೈತ್ರ್, ಸುಧೀರಣ್ಣ.”

“ಆಮೇಲೆ ಬಾಚ್ಕೊ. ಈಗ ಹೇಳ್ ಕಾಂಬ.”

ಸುಧೀರಣ್ಣ ‘ಕಡಲಕುಡಿ ಟ್ರಸ್ಟ್’ನ ಸೆಕ್ರೆಟರಿ. ಮರವಂತೆಯ ಮಕ್ಕಳು ಶಾಲೆ ಬಿಟ್ಟ ಮೇಲೆ ಹೋಗುವ ‘ಓದಿನ ಮನೆ’ ಆ ಟ್ರಸ್ಟಿನದ್ದೇ. ಮೊನ್ನೆಯ ಗಾಳಿಗೆ ಅದರ ಮಾಡಿನ ಶೀಟುಗಳು ಹಾರಿಹೋಗಿದ್ದವು. ಈಗ ಚಾವಣಿ ಅಂದರೆ ಬರೀ ಟರ್ಪಾಲು. ದೊಡ್ಡ ಮಳೆಗೆ ಮೊದಲು ಹೊಸ ಶೀಟು ಬರದಿದ್ದರೆ ಪುಸ್ತಕ ಎಲ್ಲ ಗೋಣಿಚೀಲಕ್ಕೆ, ಬಾಗಿಲಿಗೆ ಬೀಗ. ನವ್ಯಶ್ರೀ ಓದುತ್ತಿದ್ದ ಆನೆಮರಿಯ ಕತೆ ಇನ್ನೂ ಅರ್ಧದಲ್ಲಿತ್ತು. ಅದಕ್ಕೇ ಅವಳು ವಿಡಿಯೋಗೆ ಹ್ಞೂಂ ಅಂದದ್ದು.

ಸುಧೀರಣ್ಣ ಮಂಗಳೂರಿಗೆ ಹೋಗಿ, ದಾನಿಗಳನ್ನು ಒಲಿಸಿಕೊಳ್ಳುವುದು ಹೇಗೆ ಅಂತ ಟ್ರೈನಿಂಗ್ ಮುಗಿಸಿ ಬಂದಿದ್ದರು. ಅಲ್ಲಿ ಅವರಿಗೆ ಒಂದು ಫೈಲು, ಒಂದು ಪೆನ್ನು, ಮತ್ತೆ ತುಂಬಾ ಬುದ್ಧಿ ಕೊಟ್ಟಿದ್ದರಂತೆ. ಪೆನ್ನು ಬರುವಾಗ ಬಸ್ಸಿನಲ್ಲೇ ಕಳೆದುಹೋಗಿತ್ತು.

“ಶೀಟು ಹಾರಿತು ಅಂದರೆ ಯಾರೂ ಅಳುವುದಿಲ್ಲ. ಮನೆ ಹೋಯಿತು ಅಂದರೆ ಅಳ್ತಾರೆ. ಅತ್ತವರು ಕೊಡ್ತಾರೆ. ಇದು ಸೈಕಾಲಜಿ!” ಅಂದರು ಸುಧೀರಣ್ಣ.

ಅವಳನ್ನು ನಿಲ್ಲಿಸಿದ್ದು ಹೈವೇಯ ಕಡಲ ಬದಿಯಲ್ಲಿ, ಮೀನುಗಾರ ಸುಬ್ಬಜ್ಜ ಬಲೆ ಇಡುತ್ತಿದ್ದ ಕೊಟ್ಟಿಗೆಯ ಎದುರು. ಹೋದ ಮಳೆಗಾಲದಲ್ಲಿ ಅದರ ಮಾಡೂ ಮುಂದಿನ ಗೋಡೆಯೂ ಕಡಲಿಗೆ ಹೋಗಿದ್ದವು. ನವ್ಯಶ್ರೀಯ ಮನೆ ಇರುವುದು ಹೈವೇಯ ಆಚೆ, ಹೊಳೆಯ ಬದಿ. ತಾರಸಿ ಮನೆ. ಹೋದ ವರ್ಷವಷ್ಟೇ ಟೈಲ್ಸ್ ಹಾಕಿಸಿದ್ದರು.

“ಕಡಲು ನಮ್ಮ ಮನೆ ತಗೊಂಡು ಹೋಯಿತು...” ಅಂದಳು ನವ್ಯಶ್ರೀ. ಅಷ್ಟರಲ್ಲಿ ಗಾಳಿ ಬೀಸಿ ದಂಡೆಯ ಹೊಯ್ಗೆ ಹಾರಿ ಕಣ್ಣಿಗೆ ಬಿತ್ತು. ದಳದಳ ನೀರು ಸುರಿಯಿತು.

“ಸೂಪರ್! ನ್ಯಾಚುರಲ್!” ಎಂದು ಸುಧೀರಣ್ಣ ಕುಣಿದರು.

ವಿಡಿಯೋ ವಾಟ್ಸಾಪಿನಲ್ಲಿ ಬೊಂಬಾಯಿಗೆ ಹೋಯಿತು, ದುಬಾಯಿಗೆ ಹೋಯಿತು. ಪಕ್ಕದ ನಾವುಂದಕ್ಕೂ ಹೋಯಿತು.

ನಾವುಂದದಲ್ಲಿ ಮನೆ ಮನೆಗೆ ಮೀನು ಮಾರುವವಳು ನವ್ಯಶ್ರೀಯ ಅಜ್ಜಿ ಬಾಗಿ. ಆ ವಾರ ಒಂದು ಮಧ್ಯಾಹ್ನ ಅಜ್ಜಿ ಅಂಗಳಕ್ಕೆ ಬಂದವಳು ಒಳಗೆ ಬರಲಿಲ್ಲ. ಬುಟ್ಟಿ ಹೊತ್ತುಕೊಂಡೇ ನಿಂತು ಕೂಗಿದಳು.

“ಹ್ವಾಯ್, ಇದ್ ಯಾರ್ ಮನಿ?”

“ನಮ್ದೇ ಅಲ್ದಾ ಅಜ್ಜಿ!”

“ಹೌದಾ? ಕಡ್ಲಿಗೆ ಹೋಯ್ತ್ ಅಂಬ್ರಲೆ! ಊರಿಗೆಲ್ಲ ಗೊತ್ತಿತ್ತ್, ನಂಗೊಬ್ಳಿಗೇ ಗೊತ್ತಿಲ್ಲ.” ಅಜ್ಜಿ ಬುಟ್ಟಿಯನ್ನು ಜಗಲಿಯ ಮೇಲೆ ಧೊಪ್ಪೆಂದು ಇಟ್ಟಳು. ಅದರೊಳಗೆ ಹಳೇ ಸೀರೆ, ಅದರಡಿಗೆ ಒಂದು ಕಂಬಳಿ. “ಸರೋಜ ಸೀರಿ ಕೊಟ್ಲ್. ಕುಸುಮಾವತಿ ಕಂಬ್ಳಿ ಕೊಟ್ಲ್. ಬ್ಯಾಡ ಅಂದ್ರೆ, ‘ನಾಚ್ಕಂಬ್ದ್ ಬ್ಯಾಡ ಬಾಗಕ್ಕ’ ಅಂಬ್ರ್. ನಾ ಮೀನ್ ಮಾರೂಕ್ ಹೋದ್ದಾ, ಬೇಡೂಕ್ ಹೋದ್ದಾ?”

ನವ್ಯಶ್ರೀ ಜಗಲಿಯ ಕಂಬಕ್ಕೆ ಅಂಟಿ ನಿಂತಳು.

“ಓದಿನ ಮನೆಗೆ ಶೀಟ್ ಬೇಕಿತ್ತ್ ಅಜ್ಜಿ...”

“ಶೀಟ್ ಬೇಕಾರೆ ಶೀಟ್ ಕೇಳ್ಕ್. ನನ್ ಮನಿ ಎಂತಕ್ಕೆ ಮುಳ್ಗ್ಸುದ್?”

ಅಜ್ಜಿ ಸೀರೆಯನ್ನೂ ಕಂಬಳಿಯನ್ನೂ ಮಡಚಿ ಜಗಲಿಯ ಮೂಲೆಯಲ್ಲೇ ಇಟ್ಟಳು. ಒಳಗೆ ತರಲಿಲ್ಲ.

ವಿಡಿಯೋ ಕಂಡ ರಾಜೀವಣ್ಣ ಭಾನುವಾರ ಬಂದರು. ಅವರು ಬಿಜೂರಿನವರು, ಬೊಂಬಾಯಿಯಲ್ಲಿ ಹೋಟೆಲು. ಅವರ ಕಾರಿನ ಹಿಂದೆ ಒಂದು ಪಿಕಪ್, ಅದರ ತುಂಬಾ ಹೊಸ ಶೀಟು! ನವ್ಯಶ್ರೀ ಖುಷಿಯಲ್ಲಿ ಸುಜಿತನ ಕೈ ಚಿವುಟಿದಳು.

ಸುಧೀರಣ್ಣ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕು ಎಲ್ಲ ರೆಡಿ ಮಾಡಿದ್ದರು. ಓದಿನ ಮನೆಯ ಬಾಗಿಲೇ ಮುಚ್ಚಿಹೋಗುವಷ್ಟು ದೊಡ್ಡ ಬ್ಯಾನರು. ಅದರಲ್ಲಿ ರಾಜೀವಣ್ಣನಿಗಿಂತ ಸುಧೀರಣ್ಣನ ಮುಖವೇ ದೊಡ್ಡದಿತ್ತು.

“ಆ ಬ್ಯಾನರ್ ಬಿಚ್ಚಿ ಮಾಡಿಗೆ ಹಾಕಿದ್ರೆ ಸೋರುದ್ ನಿಲ್ತಿತ್ತ್,” ಎಂದು ಸುಜಿತ್ ಪಿಸುಗುಟ್ಟಿದ.

ರಾಜೀವಣ್ಣ ಹಾರಕ್ಕೆ ಕತ್ತು ಕೊಡಲಿಲ್ಲ. “ಅದೆಲ್ಲ ಇರಲಿ. ಮನೆ ಹೋದ ಹುಡುಗಿ ಎಲ್ಲಿ? ಈ ಶೀಟು ಅವಳ ಮನೆಗೆ.”

“ಮ... ಮನೆಗಾ? ಓದಿನ ಮನೆಗೂ ಸ್ವಲ್ಪ...”

“ಮಲಗುವ ಮಕ್ಕಳ ತಲೆ ಮೇಲೆ ಮಾಡೇ ಇಲ್ಲ, ನಿಮಗೆ ಓದಿನ ಮನೆಯಾ ಸುಧೀರ?”

ಇದಕ್ಕೆ ಏನು ಹೇಳಬೇಕು ಅಂತ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿರಲಿಲ್ಲ. ಸುಧೀರಣ್ಣ ಬೆವರು ಒರೆಸಿಕೊಂಡು, ಎಲ್ಲರನ್ನೂ ಸುಬ್ಬಜ್ಜನ ಕೊಟ್ಟಿಗೆಗೇ ಕರೆದುಕೊಂಡು ಹೋದರು. ದಾರಿಯಲ್ಲಿ ನವ್ಯಶ್ರೀಯ ಕಿವಿಯಲ್ಲಿ, “ಚಪ್ಪಲಿ ತೆಗಿ,” ಅಂದರು.

ರಾಜೀವಣ್ಣ ಮುರಿದ ಗೋಡೆ ಮುಟ್ಟಿ ನೋಡಿದರು. ಆಮೇಲೆ ಅವಳ ಎದುರು ಬಗ್ಗಿ ಮೆಲ್ಲಗೆ ಕೇಳಿದರು. “ಮಗಾ, ಈಗ ರಾತ್ರಿ ಎಲ್ಲ್ ಮಲಗ್ತ್ರಿ ನೀವೆಲ್ಲ?”

ಸುಧೀರಣ್ಣ ಕಣ್ಣಲ್ಲೇ ಸನ್ನೆ ಮಾಡಿದರು. ನವ್ಯಶ್ರೀಗೆ ಜಗಲಿಯ ಮೂಲೆಯ ಸೀರೆ ಕಣ್ಣೆದುರು ಬಂತು. ಚಪ್ಪಲಿ ಅವಳ ಕಾಲಲ್ಲೇ ಇತ್ತು.

“ನಮ್ಮ ಮನಿ ಹೋಗ್ಲಿಲ್ಲ. ಆಚೆ ಬದಿ ಇತ್ತ್, ಹೊಳಿ ಬದಿ. ಇದ್ ಸುಬ್ಬಜ್ಜನ ಕೊಟ್ಟಿಗೆ. ಸೋರುದ್ ಓದಿನ ಮನೆ. ನಾನ್ ಸುಳ್ಳ್ ಹೇಳಿದ್ದ್.”

ರಾಜೀವಣ್ಣ ಬೆನ್ನು ನೆಟ್ಟಗೆ ಮಾಡಿ ಸುಧೀರಣ್ಣನ ಕಡೆ ತಿರುಗಿದರು.

“ಹೆ ಹೆ... ಮಕ್ಕಳಿಗೆ ಇಮ್ಯಾಜಿನೇಷನ್ ಜಾಸ್ತಿ,” ಅಂದರು ಸುಧೀರಣ್ಣ.

ರಾಜೀವಣ್ಣ ನಗಲಿಲ್ಲ. “ಹೋದ ವರ್ಷ ಪುಸ್ತಕದ ಕಪಾಟು ಕಳಿಸಿದೆ. ಮಕ್ಕಳು ಓದ್ತಿದ್ದಾರಾ ಅಂತ ಫೋನ್ ಮಾಡಿದರೆ, ‘ಫ್ಯಾನು ಯಾವಾಗ ಕೊಡ್ತೀರಿ’ ಅಂತ ಕೇಳಿದಿರಿ. ಶೀಟು ಹಾರಿದೆ ಅಂತ ಒಂದು ಮಾತು ಹೇಳಿದ್ದರೆ ನಾನು ಇಲ್ಲ ಅಂತಿದ್ದೆನಾ?” ಆಮೇಲೆ ಪಿಕಪ್ಪಿನ ಡ್ರೈವರ್ ಕಡೆ ತಿರುಗಿದರು. “ಭೋಜ, ಶೀಟು ಇಲ್ಲೇ ಇಳಿಸು. ಈ ಗೋಡೆ ಕಂಡೇ ತಂದದ್ದು. ಇದರ ಯಜಮಾನರಿಗೇ ಇರಲಿ.”

ಅಲ್ಲೇ ಕೂತು ಬಲೆ ಹೊಲಿಯುತ್ತಿದ್ದ ಸುಬ್ಬಜ್ಜ ತಲೆ ಎತ್ತಿದ. “ನಂಗಾ?” ಅಂದ. ವಿಡಿಯೋ ಮಾಡುವಾಗಲೂ ಅವನು ಅಲ್ಲೇ ಇದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಶೀಟುಗಳು ಒಂದೊಂದಾಗಿ ಇಳಿದವು. ನವ್ಯಶ್ರೀಯ ಕಣ್ಣಲ್ಲಿ ಈಗ ನಿಜವಾಗಿಯೂ ನೀರು ಬಂತು. ಯಾರೂ ಮೊಬೈಲ್ ಎತ್ತಲಿಲ್ಲ.

“ಆ ಕಪಾಟು ತೋರಿಸ್ತ್ಯಾ?” ಕೇಳಿದರು ರಾಜೀವಣ್ಣ.

ಅವಳು ಬ್ಯಾನರಿನ ಅಡಿಯಿಂದ ನುಸುಳಿ ಅವರನ್ನು ಒಳಗೆ ಕರೆದುಕೊಂಡು ಹೋದಳು. ಕಪಾಟಿನ ಕೆಳಗಿನ ಸಾಲು ಒದ್ದೆಯಾಗಿ ಉಬ್ಬಿತ್ತು. ರಾಜೀವಣ್ಣ ಆನೆಮರಿಯ ಪುಸ್ತಕ ತೆಗೆದು, ಅಂಟಿಕೊಂಡ ಹಾಳೆಗಳನ್ನು ಮೆಲ್ಲಗೆ ಬಿಡಿಸಿದರು. ಕೊಡುತ್ತೇನೆ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. “ಮಳೆ ಬಂದ್ ಮೇಲೆ ಪುಸ್ತಕ ಎಲ್ಲಿಟ್ರಿ ಅಂದೇಳಿ ನೀನೇ ಫೋನ್ ಮಾಡಿ ಹೇಳ್ಕ್,” ಎಂದು ಹೊರಟರು.

ಸುಬ್ಬಜ್ಜ ಬಾಗಿಲಲ್ಲಿ ಇಣುಕಿದ. “ಮಾಡಿಗೆ ಶೀಟ್ ಹಾಕಿದ್ಮೇಲೆ ಪುಸ್ತಕ ನಮ್ ಕೊಟ್ಟಿಗಿಗೆ ತನ್ನಿ. ಮೀನಿನ ಬಲಿ ಮುಟ್ರೆ ಮಾತ್ರ ಕಾಣಿ!”

ಸಂಜೆ ಅಜ್ಜಿ ಬುಟ್ಟಿಗೆ ಸೀರೆ, ಕಂಬಳಿ ತುಂಬಿದಳು. “ಅವ್ರದ್ದ್ ಅವ್ರಿಗೆ ಕೊಡ್ಕಲೆ. ನೀನೂ ಬಾ.”

ನವ್ಯಶ್ರೀ ತಲೆ ಬಾಚಿಕೊಂಡು ಹೊರಟಳು.

ಸರೋಜಕ್ಕ ಬಾಗಿಲು ತೆಗೆದು, “ಎಂತಕ್ಕೆ ವಾಪಾಸ್ ತಂದ್ದ್ ಬಾಗಕ್ಕ?” ಅಂದರು. ಅಜ್ಜಿ ಮೊಮ್ಮಗಳ ಮುಖ ನೋಡಿದಳು.

“ಸರೋಜಕ್ಕ,” ಅಂದಳು ನವ್ಯಶ್ರೀ. ಸೀರೆಯನ್ನು ಅವರ ಕೈಗಿಟ್ಟಳು. “ನಮ್ಮ ಮನಿ ಈಗ್ಲೂ ಇತ್ತ್, ಕಡ್ಲಿಗೆ ಹೋಗ್ಲಿಲ್ಲ.”

ಇನ್ನು ಕುಸುಮಾವತಿಯಕ್ಕನ ಮನೆ. ಅದು ಏರು ಹತ್ತಿ ಹೋಗಬೇಕು. ಅಜ್ಜಿ ಬುಟ್ಟಿ ಎತ್ತಲು ಬಗ್ಗಿದಳು.

“ಬ್ಯಾಡ ಅಜ್ಜಿ, ನಾನೇ ಹೊತ್ಕಂತೆ,” ಎಂದು ನವ್ಯಶ್ರೀ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡಳು.