ನಲವತ್ತನೆಯ ಮುಖ

"ನಗಬೇಡಿ, ಅಳಬೇಡಿ, ಮಾತಾಡಬೇಡಿ. ಇಪ್ಪತ್ತೇ ನಿಮಿಷ!"

ಹಾಗೆಂದವನ ಬೆರಳು ಅವಳ ತುಟಿಯ ಮೇಲೆ ತಣ್ಣನೆಯ ಪ್ಲಾಸ್ಟರ್ ಬಳಿಯಿತು. ಅವಳು ಕಣ್ಣು ಮುಚ್ಚಿಕೊಂಡಳು.

ಅವನು ಚಿತ್ರಕಲಾ ಶಾಲೆಯ ಮೇಷ್ಟ್ರು. ಮನುಷ್ಯರ ಮುಖಭಾವಗಳನ್ನೆಲ್ಲ ಅಚ್ಚು ತೆಗೆದು, ಚೀಟಿ ಅಂಟಿಸಿ, ಕಪಾಟಿನಲ್ಲಿ ಜೋಡಿಸುವ ಹುಚ್ಚು ಅವನಿಗೆ. ಕೋಪ, ಭಯ, ಅಸೂಯೆ... ಮೂರು ವರ್ಷದಲ್ಲಿ ಮೂವತ್ತೊಂಬತ್ತು! ಅದರಲ್ಲಿ ಹದಿನಾಲ್ಕು ಇವಳವೇ. ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವ ಇವಳು ಪ್ರತಿ ಭಾನುವಾರ ಬಂದು ಮುಖ ಒಡ್ಡುತ್ತಿದ್ದಳು. ಇವತ್ತಿನದು ಕೊನೆಯದು, 'ನೆಮ್ಮದಿ'.

ನೆಮ್ಮದಿಯಂತೆ! ನಾಳೆ ಗಂಡಿನ ಕಡೆಯವರಿಗೆ 'ಹೂಂ' ಅನ್ನಲೇಬೇಕೆಂದು ಅತ್ತಿಗೆ ಪಟ್ಟು ಹಿಡಿದಿದ್ದಾಳೆ. ಇವನೋ, ಸ್ಕೇಲಿಟ್ಟು ಹುಬ್ಬು ಅಳೆಯುತ್ತಾನೆಯೇ ಹೊರತು ಒಂದು ದಿನವೂ 'ಹೇಗಿದ್ದೀರಿ' ಎಂದು ಕೇಳಿಲ್ಲ.

'ಇವನಿಗೆ ನಾನು ಬರೀ ಒಂದು ನಂಬರು...'

ಉಸಿರಾಡಲು ಮೂಗಿಗೆ ಎರಡು ಸ್ಟ್ರಾ. ಕಣ್ಣು, ಬಾಯಿ ಎಲ್ಲ ಮುಚ್ಚಿಹೋದವು. ಪ್ಲಾಸ್ಟರ್ ಬಿಸಿಯಾಗುತ್ತಾ ಗಟ್ಟಿಯಾಗತೊಡಗಿತು.

ಆಗಲೇ ಬಾಗಿಲಲ್ಲಿ ಅತ್ತಿಗೆಯ ದನಿ!

"ಮೇಷ್ಟ್ರೇ, ಇನ್ಮೇಲೆ ಇವಳು ಬರಲ್ಲ. ಮದುವೆಗೆ ಒಪ್ಕೊಂಡಿದಾಳೆ."

'ಸುಳ್ಳು!' ಅವಳು ಒಳಗೊಳಗೇ ಕೂಗಿಕೊಂಡಳು.

"ಇವರೇ... ಒಪ್ಪಿದ್ರಾ?"

"ನೋಡಿ, ಎಷ್ಟು ಆರಾಮಾಗಿ ಮಲಗಿದಾಳೆ! ಬೇಡ ಅನ್ನೋಳು ಹೀಗಿರ್ತಾಳಾ? ಬೇಗ ಕಳ್ಸಿ, ಕೆಳಗೆ ಕಾಯ್ತಿರ್ತೀನಿ."

ಅತ್ತಿಗೆಯ ಚಪ್ಪಲಿ ಸದ್ದು ಮೆಟ್ಟಿಲಿನತ್ತ ಹೋಯಿತು.

"ಒಳ್ಳೇದಾಗ್ಲಿ..." ಅವನ ದನಿ ಹತ್ತಿರ ಬಂತು. "ನಾನೂ ಕೇಳ್ಬೇಕು ಅಂತಿದ್ದೆ. ಈ ನಲವತ್ತು ಮುಗೀಲಿ ಅಂತ ಕಾದೆ. ದಡ್ಡ ನಾನು."

ಅಯ್ಯೋ, ಇವನಿಗೂ...! ಅವಳ ಜೀವ ಬಾಯಿಗೆ ಬಂತು. ಆದರೆ ಬಾಯಿ ಎಲ್ಲಿದೆ? ಅಲುಗಾಡಿದರೆ ಅಚ್ಚು ಹಾಳು. ಸುಮ್ಮನಿದ್ದರೆ ಬದುಕೇ ಹಾಳು.

ಅವಳು ಇದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಬಾಯಿ ತೆರೆದಳು. ಪ್ಲಾಸ್ಟರ್ ಚಟ್ಟನೆ ಬಿರುಕು ಬಿಟ್ಟಿತು.

"ಇಲ್ಲ! ನಾನು ಒಪ್ಪಿಲ್ಲ!"

ಅವಳು ಎದ್ದು ಕೂತಾಗ ಚೂರುಗಳು ಮಡಿಲಿಗೆ ಉದುರಿದವು. ಪ್ಲಾಸ್ಟರ್ ಮೆತ್ತಿದ ಬಿಳಿ ಕೆನ್ನೆಯ ಮೇಲೆ ಕಣ್ಣೀರು ಗೆರೆ ಎಳೆಯಿತು.

"ಮೂವತ್ತೊಂಬತ್ತು ಮುಖ ಓದಿದೀರಿ. ನನ್ನ ಮುಖದಲ್ಲಿ ಇದ್ದದ್ದು ಒಂದಿನಾನೂ ಕಾಣ್ಲಿಲ್ವಾ?"

"ಕಾಣ್ತಿತ್ತು... ನಾನೇ ಏನೋ ಆಸೆಪಟ್ಟು ಹಾಗೆ ಓದ್ಕೊಳ್ತಿದೀನಿ ಅಂತ ಭಯ ಆಗ್ತಿತ್ತು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಅತ್ತಿಗೆ ಇನ್ನೂ ಕೆಳಗೇ ಇರ್ತಾರೆ. ಬನ್ನಿ, ಹೇಳೋಣ," ಎಂದಳು.

"ಮೊದ್ಲು ಮುಖ ತೊಳ್ಕೊಳ್ಳಿ," ಎಂದು ಅವನು ಒದ್ದೆ ಬಟ್ಟೆ ಚಾಚಿದ.

ಅವಳು ಬಟ್ಟೆಯನ್ನು ಬಿಟ್ಟು ಅವನ ಕೈ ಹಿಡಿದಳು.

"ಬೇಡ. ಹೀಗೇ ಬರ್ತೀನಿ. ಅವರೂ ನನ್ನ ಮುಖ ಸರಿಯಾಗಿ ನೋಡ್ಲಿ."