ಟಾರ್ನೀಟ್‌ಗೆ ನಾನೇ ಬರ್ತೇನೆ

ಸೀಟಿನ ಬೆನ್ನು ಜಗ್ಗಲಿಲ್ಲ. ರೊವೀನಾ ಬ್ಯಾಗನ್ನು ಕಾಲ ಬಳಿ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಇನ್ನೊಮ್ಮೆ ತಳ್ಳಿದಳು. ಊಹೂಂ.

ಸಿಡ್ನಿಯ ರೈಲುಗಳಲ್ಲಿ ಸೀಟಿನ ಬೆನ್ನನ್ನು ಆಚೆ ತಳ್ಳಿದರೆ ಸಾಕು, ರೈಲು ಹೋಗುವ ದಿಕ್ಕಿಗೆ ಮುಖಮಾಡಿ ಕೂರಬಹುದು. ನಾಲ್ಕು ವರ್ಷಗಳಿಂದ ದಿನವೂ ಹಾಗೆ ತಳ್ಳಿದ ಕೈಗೆ ಇದು ಮೆಲ್ಬರ್ನ್ ಎಂಬುದು ಮರೆತುಹೋಗಿತ್ತು.

"ಸಿಡ್ನಿಯವರಾ?" ಎದುರು ಕೂತ ಬಿಳಿಕೂದಲಿನ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು. "ಇಲ್ಲಿನ ಸೀಟು ತಿರುಗುವುದಿಲ್ಲ. ಅದನ್ನು ತಳ್ಳಿ ನೋಡುವವರು ಸಿಡ್ನಿಯವರು ಮಾತ್ರ."

ರೊವೀನಾ ನಕ್ಕುಬಿಟ್ಟಳು. ನಲವತ್ತಮೂರು ವರ್ಷದ ಕೆನ್ನೆ ಹೀಗೆ ಬಿಸಿಯಾಗಿ ಎಷ್ಟು ಕಾಲವಾಗಿತ್ತು! ಬೆಳಿಗ್ಗೆ ವಿಮಾನ ಹತ್ತಿದಾಗಿನಿಂದ ಎದೆಯೊಳಗೆ ಏನೋ ಒಂದು ಕುಣಿಯುತ್ತಲೇ ಇತ್ತು. ಏರ್‌ಪೋರ್ಟ್ ಬಸ್ಸಿನಲ್ಲಿ ಊರಿಗೆ ಬಂದಿಳಿದವಳು, ರೈಲಿಗೆ ಇನ್ನೂ ಸಮಯವಿದೆ ಎಂದು ಸುಮ್ಮನೆ ಒಂದು ಟ್ರಾಮ್ ಹತ್ತಿ, ಮೂರು ಸ್ಟಾಪ್ ಹೋಗಿ, ಇನ್ನೊಂದು ಟ್ರಾಮಿನಲ್ಲಿ ಅಷ್ಟೇ ದೂರ ವಾಪಸು ಬಂದಿದ್ದಳು. ಯಾವ ಕೆಲಸವೂ ಇರಲಿಲ್ಲ. ಟ್ರಾಮು ತಿರುವಿನಲ್ಲಿ ಗಂಟೆ ಬಾರಿಸಿದರೆ ಒಳಗಿರುವವರಿಗೆ ಹೇಗೆ ಕೇಳುತ್ತದೆ ಎಂದು ತಿಳಿಯಬೇಕಿತ್ತು, ಅಷ್ಟೆ.

ಯತೀಶ್ ಟಾರ್ನೀಟ್ ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತಾನೆ. ಒಂದು ಗಂಟೆಗೆ.

*

ರೊವೀನಾಳ ಗಂಡ ವಿಲ್ಫಿ ಒಳ್ಳೆಯ ಮನುಷ್ಯ. ಹದಿನಾಲ್ಕು ವರ್ಷ ಅವಳನ್ನು ಒಂದು ಬಸ್‌ಸ್ಟಾಪಿನಲ್ಲೂ ನಿಲ್ಲಗೊಡಲಿಲ್ಲ. ಚರ್ಚಿಗಿರಲಿ, ಲ್ಯಾಬಿನ ಕೆಲಸಕ್ಕಿರಲಿ, ಮೀನಿನ ಅಂಗಡಿಗಿರಲಿ, ಕಾರಿನ ಬಾಗಿಲು ತೆರೆದು ಕೂರಿಸುತ್ತಿದ್ದ, ಬಾಗಿಲು ತೆರೆದು ಇಳಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನ ಎದೆಬಡಿತ ನಿಂತುಹೋಯಿತು. ಮೂರು ವಾರದ ನಂತರ ಸಿಡ್ನಿಯ ಎಪ್ಪಿಂಗ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತ ರೊವೀನಾಳಿಗೆ, ಸಿಟಿ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗಲಿಲ್ಲ.

ಆಮೇಲೆ ಕಲಿತಳು. ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಒಂದು ರೈಲು ಲೈನು. ಕೊನೆಯ ಸ್ಟೇಷನ್ನಿನವರೆಗೆ ಹೋಗುವುದು, ಚಹಾ ಕುಡಿಯುವುದು, ಬರುವುದು. ಮೊದಮೊದಲು ಅಳುತ್ತಾ ಕಲಿತಳು. ಯಾವಾಗ ಅಳು ನಿಂತಿತೋ ಅವಳಿಗೇ ತಿಳಿಯಲಿಲ್ಲ.

ಯತೀಶ್ ಸಿಕ್ಕಿದ್ದು ಕಳೆದ ಡಿಸೆಂಬರಿನಲ್ಲಿ. ಕೆಳಗಿನ ಅಪಾರ್ಟ್‌ಮೆಂಟಿನ ಇಂಚರಾಳ ದೊಡ್ಡಪ್ಪನ ಮಗ, ಮದ್ದೂರಿನ ಕಡೆಯವನು. ಓದಲೆಂದು ಮೆಲ್ಬರ್ನಿಗೆ ಬಂದು, ಅಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಡ್ಯಾಂಡಿನಾಂಗ್‌ನ ಒಂದು ವೇರ್‌ಹೌಸಿನಲ್ಲಿ ಸೂಪರ್‌ವೈಸರ್ ಆಗಿದ್ದ. ಮದುವೆಯೊಂದು ಮುರಿದು ಹತ್ತು ವರ್ಷವಾಗಿತ್ತು. ಇಂಚರಾಳಿಗೆ ಜ್ವರ ಬಂದದ್ದರಿಂದ, ಸಿಡ್ನಿ ನೋಡಲು ಬಂದಿದ್ದ ಅವನಿಗೆ ಊರು ತೋರಿಸುವ ಕೆಲಸ ರೊವೀನಾಳ ಪಾಲಿಗೆ ಬಂತು. ಮೂರು ರೈಲು, ಒಂದು ಫೆರ್ರಿ. ದಿನವಿಡೀ ಅವಳ ಹಿಂದೆ ಎರಡು ಹೆಜ್ಜೆ ಅಂತರದಲ್ಲಿ ನಡೆದ.

"ನೀವು ನಡೆಯೋದು ನೋಡಿದ್ರೆ ಊರೆಲ್ಲಾ ನಿಮ್ಮದೇ ಅನ್ಸುತ್ತೆ ಕಣ್ರೀ," ಎಂದಿದ್ದ ಫೆರ್ರಿಯಲ್ಲಿ. ಹೇಳಿದವನು ತಕ್ಷಣ ನೀರಿನ ಕಡೆ ತಿರುಗಿಕೊಂಡ. ಅವನ ಕಿವಿಯ ತುದಿ ಕೆಂಪಾದದ್ದನ್ನು ಅವಳು ನೋಡಿದಳು. ಅವಳು ನೋಡಿದ್ದು ಅವನಿಗೆ ಗೊತ್ತಾಯಿತು. ಆ ಕೆಂಪು ಕುತ್ತಿಗೆಗೂ ಇಳಿಯಿತು.

ಎಂಟು ತಿಂಗಳು ಪ್ರತಿ ಸಂಜೆ ಫೋನು. ಕೊನೆಗೊಂದು ದಿನ ಅವನು ಕೇಳಿಯೇಬಿಟ್ಟ.

"ಮದುವೆ ಆಗೋಣ, ಬಂದುಬಿಡ್ರೀ ಇಲ್ಲಿಗೆ. ನಿಮಗೇನೂ ಕಷ್ಟ ಆಗಲ್ಲ. ಎಲ್ಲಿಗೆ ಹೋಗ್ಬೇಕಂದ್ರೂ ನಾನೇ ಡ್ರಾಪ್ ಮಾಡ್ತೀನಿ."

ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ರೊವೀನಾಳಿಗೆ ಕೇಳಿಸಿದ್ದು ಕಾರಿನ ಬಾಗಿಲು ಮುಚ್ಚಿದ ಸದ್ದು. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ತಾನೇ ಮಾಡಿದಳು.

"ಒಂದು ಷರತ್ತು ಉಂಟು. ಏರ್‌ಪೋರ್ಟಿಂದ ಟಾರ್ನೀಟ್‌ಗೆ ನಾನೇ ಬರ್ತೇನೆ. ನೀವು ಕಾರು ತಗೊಂಡು ಬರುದು ಬೇಡ, ಫೋನ್ ಮಾಡಿ ದಾರಿ ಹೇಳುದೂ ಬೇಡ. ಬಂದು ಮುಟ್ಟಿದ ಮೇಲೆ ಉತ್ತರ ಹೇಳ್ತೇನೆ."

"ದಾರಿ ತಪ್ಪಿದ್ರೆ?"

"ನಾನೇ ಸರಿ ಮಾಡ್ಕೊಳ್ತೇನೆ. ನೀವು ಹುಡುಕ್ಕೊಂಡು ಹೊರಟ್ರೋ, ನಾನು ಅಲ್ಲಿಂದಲೇ ಸಿಡ್ನಿಗೆ ವಾಪಸ್. ತಮಾಷೆ ಅಲ್ಲ ಯತೀಶ್."

"ಸ್ಟೇಷನ್ನಲ್ಲಿ ನಿಂತ್ಕೊಂಡು ಕಾಯೋಕಾದ್ರೂ ಪರ್ಮಿಷನ್ ಕೊಡ್ರೀ."

"ಆಯ್ತು. ನಿಂತ್ಕೊಳ್ಳಿ."

ವಾರದ ನಂತರ ಒಂದು ಕವರ್ ಬಂತು. ಒಳಗೆ ಮೆಲ್ಬರ್ನಿನ ಬಸ್ಸು, ರೈಲುಗಳಿಗೆ ಬೇಕಾಗುವ ಮೈಕಿ ಕಾರ್ಡು. ಜೊತೆಗೆ ಒಂದು ಚೀಟಿ: 'ಇದು ಸಹಾಯ ಅಲ್ಲ, ಕರೆಯೋಲೆ.'

*

ಸಿಡ್ನಿಯಲ್ಲಿ ಮಾಡುತ್ತಿದ್ದ ಹಾಗೆಯೇ ರೊವೀನಾ ಸ್ಟೇಷನ್ನುಗಳ ಹೆಸರನ್ನು ಜಪಸರದ ಮಣಿಗಳಂತೆ ಬಾಯಿಪಾಠ ಮಾಡಿಕೊಂಡಿದ್ದಳು. ಫುಟ್ಸ್‌ಕ್ರೇ, ಸನ್‌ಶೈನ್, ಡೀರ್ ಪಾರ್ಕ್, ಟಾರ್ನೀಟ್. ಬೋರ್ಡಿನಲ್ಲಿ ಮೊದಲ ಮೂರು ಹೆಸರು ಕಂಡದ್ದೇ ರೈಲು ಹತ್ತಿದ್ದಳು. ಸನ್‌ಶೈನಿನಲ್ಲಿ ಬಿಳಿಕೂದಲಿನ ಹೆಂಗಸು ಇಳಿದುಹೋದಳು. ಡೀರ್ ಪಾರ್ಕ್ ಬಂತು. ಇನ್ನೊಂದೇ. ರೊವೀನಾ ಕನ್ನಡಿ ತೆಗೆದು ಕೂದಲು ಸರಿಮಾಡಿಕೊಂಡಳು, ಲಿಪ್‌ಸ್ಟಿಕ್ ಹಚ್ಚಿದಳು, ಜಾಸ್ತಿಯಾಯಿತೆಂದು ಒರೆಸಿದಳು.

ಮುಂದಿನ ಸ್ಟೇಷನ್ನು ಕ್ಯಾರೋಲಿನ್ ಸ್ಪ್ರಿಂಗ್ಸ್ ಎಂದು ರೈಲು ಹೇಳಿತು. ಆ ಮಣಿ ಅವಳ ಸರದಲ್ಲಿ ಇರಲಿಲ್ಲ.

ಪಕ್ಕದ ಸಾಲಿನಲ್ಲಿ ಸಲ್ವಾರ್ ಕಮೀಜಿನ ಅಜ್ಜಿಯೊಬ್ಬಳಿದ್ದಳು. ರೊವೀನಾ ಹಿಂದಿಯಲ್ಲಿ ಕೇಳಿದಳು. ಅಜ್ಜಿ ಕನಿಕರದಿಂದ ತಲೆಯಾಡಿಸಿದಳು. ಇದು ಮೆಲ್ಟನ್ ಕಡೆಯ ರೈಲು. ಡೀರ್ ಪಾರ್ಕ್ ದಾಟಿದ ಮೇಲೆ ಹಳಿ ಎರಡಾಗುತ್ತದೆ, ಟಾರ್ನೀಟಿನ ರೈಲು ಎಡಕ್ಕೆ ಹೋಗುತ್ತದೆ.

ಕಕ್ಕಾಬಿಕ್ಕಿಯಾದ ರೊವೀನಾ ಕ್ಯಾರೋಲಿನ್ ಸ್ಪ್ರಿಂಗ್ಸಿನಲ್ಲಿ ಬಾಗಿಲು ಮುಚ್ಚುವವರೆಗೂ ಏಳಲಿಲ್ಲ. ಇಳಿದದ್ದು ಅದರ ಮುಂದಿನ ರಾಕ್‌ಬ್ಯಾಂಕಿನಲ್ಲಿ. ಹಿಂದಿರುಗುವ ರೈಲಿಗೆ ಮೂವತ್ತೆಂಟು ನಿಮಿಷವಿತ್ತು. ಸುತ್ತ ಬಯಲು, ಜೋರು ಗಾಳಿ. ಆಗಲೇ ಒಂದು ಗಂಟೆ.

'ತಡ ಆಗ್ತದೆ,' ಎಂದು ಮೆಸೇಜ್ ಕಳಿಸಿದಳು.

ಅವನು ಬರೆಯುತ್ತಿರುವ ಗುರುತಿನ ಮೂರು ಚುಕ್ಕಿಗಳು ಕಾಣಿಸಿದವು. ಮಾಯವಾದವು. ಮತ್ತೆ ಬಂದವು. ಐದು ನಿಮಿಷದ ನಂತರ ಉತ್ತರ ಬಂತು: 'ಸರಿ.'

ಅಷ್ಟೇನಾ? ಎಲ್ಲಿದ್ದೀರಿ ಎಂದು ಕೇಳಬಾರದೇ? ರೊವೀನಾಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಕಣ್ಣೀರು. ಒಂದು ಬೆಚ್ಚಗಿನ ಕಾರು, ತೆರೆದ ಬಾಗಿಲು, ಒಳಗೆ ಕೂತು ಕಣ್ಣು ಮುಚ್ಚಿಕೊಂಡರೆ ಆಯಿತು. ಎಷ್ಟು ಸುಲಭ. 'ರಾಕ್‌ಬ್ಯಾಂಕಿನಲ್ಲಿದ್ದೇನೆ, ಬನ್ನಿ,' ಎಂದು ಟೈಪ್ ಮಾಡಿದಳು. ಬೆರಳು ಕಳಿಸುವ ಗುಂಡಿಯ ಮೇಲೆ ನಿಂತಿತು.

ಅವನು ಖಂಡಿತ ಬರುತ್ತಾನೆ. ನಾಳೆಯೂ ಬರುತ್ತಾನೆ, ನಾಡಿದ್ದೂ. ತಾನೂ ಕರೆಯುತ್ತಾ ಹೋಗುತ್ತೇನೆ. ಅವಳು ಹೆದರಿದ್ದು ಅವನ ಕಾರಿಗಲ್ಲ, ಅದರೊಳಗೆ ಹಾಯಾಗಿ ಕೂತುಬಿಡುವ ತನ್ನನ್ನು ಕಂಡು ಎಂದು ಆಗ ಹೊಳೆಯಿತು. ಒಂದೊಂದೇ ಅಕ್ಷರ ಅಳಿಸಿದಳು.

ಪ್ಲಾಟ್‌ಫಾರ್ಮಿನ ಬೋರ್ಡಿನ ಮುಂದೆ ಹೋಗಿ ನಿಂತಳು. ಡೀರ್ ಪಾರ್ಕಿನಲ್ಲಿ ಇಳಿಯಬೇಕು, ಅಲ್ಲಿಂದ ಟಾರ್ನೀಟಿನ ರೈಲಿಗೆ ಹನ್ನೊಂದು ನಿಮಿಷ. ಲೆಕ್ಕ ಕೂಡಿಬಂತು. ಬೆಳಗಿನ ಕುಣಿತ ಎದೆಯಲ್ಲಿ ಮತ್ತೆ ಶುರುವಾಯಿತು, ಈ ಸಲ ಇನ್ನೂ ಜೋರಾಗಿ.

*

ಟಾರ್ನೀಟಿನಲ್ಲಿ ಇಳಿದಾಗ ಎರಡು ಗಂಟೆ ದಾಟಿತ್ತು. ಯತೀಶ್ ಗೇಟಿನಾಚೆ ನಿಂತಿದ್ದ. ಇಸ್ತ್ರಿಯ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಶೂ ತುಂಬ ಧೂಳು. ಅವಳನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದವನು, ಗೇಟಿನ ಹತ್ತಿರ ಬಂದು ನಿಂತುಬಿಟ್ಟ. ಕಾರ್ಡು ಮುಟ್ಟಿಸಿ ಅವಳೇ ಹೊರಗೆ ಬರುವವರೆಗೆ ಕದಲಲಿಲ್ಲ.

"ಊಟ ಆಯ್ತಾ?" ಎಂದ.

"ಎಂಥ ಊಟ ಮಾರಾಯ್ರೆ. ತಡ ಆಗ್ತದೆ ಅಂದ್ರೆ ಬರೀ 'ಸರಿ' ಅಂತೀರಲ್ಲ, ನಿಮಗೆ ಮಂಡೆ ಸರಿ ಉಂಟಾ?"

"ಎಷ್ಟು ಸಲ ಬರೆದು ಅಳಿಸಿದೆ ಅಂತ ನಂಗೇ ಗೊತ್ತು ಕಣ್ರೀ. ಏನು ಬರೆದ್ರೂ ಕೊನೇಲಿ 'ಎಲ್ಲಿದ್ದೀರಾ' ಅಂತಾನೇ ಬರ್ತಿತ್ತು. ಅದು ಬೇಡ ಅಂದಿದ್ರಲ್ಲ."

"ಅದಕ್ಕೆ ಹೀಗೆ ಬೆವರುದಾ?"

ಅವನು ಕರವಸ್ತ್ರ ತೆಗೆದ. "ಪಕ್ಕದ್ಮನೆ ಸುಬ್ಬಣ್ಣ ಅಂಕಲ್‌ಗೆ ಬೆಳಿಗ್ಗೇನೇ ಕಾರ್ ಕೀ ಕೊಟ್ಟುಬಿಟ್ಟೆ. ನಾನು ಕಾಲಿಗೆ ಬಿದ್ರೂ ವಾಪಸ್ ಕೊಡಬೇಡಿ ಅಂತ. ಇಲ್ಲಿಗೆ ನಡ್ಕೊಂಡೇ ಬಂದೆ. ಆಮೇಲೆ ನಿಮ್ಮ ಮೆಸೇಜ್ ಬಂತು ನೋಡಿ, ತಡೀಲಿಲ್ಲ. ಓಡಿಹೋಗಿ ಕೀ ಕೇಳ್ದೆ."

"ಕೊಟ್ರಾ?"

"ಬಾಗಿಲೇ ತೆಗೀಲಿಲ್ಲ. ಕಿಟಕಿಯಿಂದ್ಲೇ ಬೈದ್ರು. 'ಆ ಹೆಣ್ಮಗಳು ಸಿಡ್ನೀಲಿ ಒಬ್ಬಳೇ ಬಾಳ್ತಾವ್ಳೆ, ನಿನ್ನ ಸ್ಟೇಷನ್ ಹುಡುಕೋದು ಅವ್ಳಿಗೇನು ದೊಡ್ಡದು? ಹೋಗ್ ನಿಂತ್ಕೋ,' ಅಂತ. ಮತ್ತೆ ಓಡಿಬಂದೆ."

ರೊವೀನಾ ನಕ್ಕಳು. ಅವನ ಕಿವಿಯ ತುದಿ ಬಿಸಿಲಿಗೋ ಬೇರೆ ಯಾವುದಕ್ಕೋ ಕೆಂಪಾಗಿತ್ತು. ಈ ಸಲ ಅವನು ಬೇರೆ ಕಡೆ ತಿರುಗಲಿಲ್ಲ. ಅವಳೂ ತಿರುಗಲಿಲ್ಲ.

"ಮನೆಗೆ ಯಾವ ಬಸ್ಸು?" ಎಂದಳು ಕೊನೆಗೆ.

"ಗೊತ್ತಿಲ್ಲ ಕಣ್ರೀ. ಒಂಬತ್ತು ವರ್ಷದಿಂದ ಇಲ್ಲಿದ್ದೀನಿ, ಒಂದು ದಿನಾನೂ ಬಸ್ ಹತ್ತಿಲ್ಲ."

ಅವಳು ಬೋರ್ಡು ಓದಿ, ಅವನ ಬೀದಿಯ ಹೆಸರು ಹುಡುಕಿ, ಬಸ್ಸು ಹತ್ತಿಸಿದಳು. ಕಿಟಕಿಯಾಚೆ ಒಂದೇ ಥರದ ಹೊಸ ಮನೆಗಳು, ಇಂಡಿಯನ್ ಅಂಗಡಿಗಳು ಹಾದುಹೋದವು. ಅವನ ಮೊಣಕೈ ಅವಳ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು, ತಾಗಿರಲಿಲ್ಲ.

"ನಾಲ್ಕು ವಾರ ಅಂತೆ," ಎಂದಳು.

"ಏನು ನಾಲ್ಕು ವಾರ?"

"ಲ್ಯಾಬಿಗೆ ನೋಟಿಸ್ ಕೊಡ್ಲಿಕ್ಕೆ. ಮೊನ್ನೆಯೇ ಕೇಳಿಟ್ಟಿದ್ದೆ."

ಅವನು ಅವಳ ಕಡೆಗೆ ತಿರುಗಿದ. "ಅಂದ್ರೆ..."

"ಅಂದ್ರೆ ಹೌದು ಮಾರಾಯ್ರೆ. ಮದುವೆ ಆಗುವಾ."

ಅವಳೇ ಮೊಣಕೈಯನ್ನು ತಾಗಿಸಿದಳು. ಆಮೇಲೆ ಅಂಗೈಯನ್ನು ಅವನ ಅಂಗೈಯೊಳಗಿಟ್ಟಳು. ಬಸ್ಸು ಒಂದು ವೃತ್ತ ಸುತ್ತಿ ದೊಡ್ಡ ರಸ್ತೆಗೆ ಇಳಿಯಿತು.

"ರೊವೀನಾ," ಎಂದ ಅವನು ಮೆಲ್ಲಗೆ. "ನಮ್ಮ ಸ್ಟಾಪು ಹಿಂದೇನೇ ಹೋಯ್ತು. ಗುಂಡಿ ಒತ್ತಬೇಕು ಅಂತ ನಂಗೊತ್ತಿರ್ಲಿಲ್ಲ."

ರೊವೀನಾ ಗುಂಡಿಯ ಕಡೆ ನೋಡಿದಳು. ಕೈಗೆಟಕುವಷ್ಟೇ ದೂರದಲ್ಲಿತ್ತು. ಆದರೆ ಆ ಕೈ ಆಗ ಖಾಲಿ ಇರಲಿಲ್ಲ.

"ಹೋಗ್ಲಿ ಬಿಡಿ," ಎಂದಳು. "ಇದು ಎಲ್ಲಿವರೆಗೆ ಹೋಗ್ತದೆ ನೋಡುವಾ."