ಕುಳ್ಳ ಗಿಡದ ತಳಿ

“ಅಮ್ಮಾ, ಜಡೆ ಇನ್ನೂ ಬಿಗಿಯಾಗಿ ಹಾಕು.”

“ಇವತ್ತೊಂದು ದಿನ ಮನೆಯಲ್ಲೇ ಇರೇ.”

“ಇರಲ್ಲ.”

ಅಪ್ಪನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಹಾಲಿನವನು ಎಂದಿನಂತೆ ಬೆಲ್ ಒತ್ತಿದ್ದ. ಮೊಂಡಿ ಬ್ಯಾಗ್ ಹೆಗಲಿಗೇರಿಸಿದಳು. ಆ ಅಡ್ಡಹೆಸರು ಅಪ್ಪ ಇಟ್ಟಿದ್ದು.

ಸ್ಕೂಲಿನಲ್ಲಿ ಮಾಲಿ ತಾತ ಆಟದ ಕೋರ್ಟ್ ಪಕ್ಕದ ಪುಟ್ಟ ಗಿಡದ ಬುಡಕ್ಕೆ ಗುದ್ದಲಿ ಹಾಕುತ್ತಿದ್ದರು.

“ತಾತಾ! ಏನ್ಮಾಡ್ತಿದೀರ?”

“ಕೀಳ್ತಿದೀನಿ ಕಣಮ್ಮ. ನಲ್ಲಿ ಹತ್ರ ಇರೋದು ನೋಡು, ಗೋಡೆ ದಾಟಿದೆ. ಇದು ನಿನ್ನ ಸೊಂಟಕ್ಕೂ ಬರಲ್ಲ. ಇದರ ತಳಿಯೇ ಕುಳ್ಳು.”

ಮೊಂಡಿಯ ಕಿವಿ ಬಿಸಿಯಾಯಿತು. “ಸುಳ್ಳು! ಎರಡೂ ಒಂದೇ ಕೊಂಬೆಯ ಕಡ್ಡಿ. ಇಲ್ಲಿ ನೆಡೋಕೆ ಅಂತ ಅಪ್ಪ ನರ್ಸರಿಯಲ್ಲಿ ಕತ್ತರಿಸಿದಾಗ ಬುಟ್ಟಿ ಹಿಡ್ಕೊಂಡಿದ್ದವಳು ನಾನು. ತಳಿ ಬೇರೆ ಹೇಗಾಗುತ್ತೆ?”

“ಮತ್ತೆ ಯಾಕೆ ಬೆಳೀಲಿಲ್ಲ, ಸೈಂಟಿಸ್ಟಮ್ಮ?”

ಅವಳು ಬೂಟಿನಿಂದ ನೆಲ ಕುಟ್ಟಿದಳು. ಟಕ್, ಟಕ್. ಕೋರ್ಟಿಗೆ ಹಾಕಿದ ಸಿಮೆಂಟು ಗಿಡದ ಬುಡವನ್ನೂ ಮುಚ್ಚಿತ್ತು. “ನಿಮ್ಮ ಬಾಯಿಗೆ ಸಿಮೆಂಟ್ ಮೆತ್ತಿ ಊಟ ಮಾಡಿ ಅಂದ್ರೆ ಮಾಡ್ತೀರಾ?”

ತಾತ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: “ಹೆಡ್‌ಮಿಸ್ ಹೇಳಿದಾರೆ, ಪುಟ್ಟಿ. ಗುದ್ದಲಿಗೆ ಇದು ಬಗ್ಗಲ್ಲ. ನನ್ನ ಹಾರೆ ನಿಮ್ಮಪ್ಪ ತಗೊಂಡು ಹೋಗಿದ್ರು. ಮಧ್ಯಾಹ್ನ ತಂದುಕೊಡ್ತೀಯಾ?”

ಗಿಡ ಕೀಳುವ ಹಾರೆಯನ್ನು ತಾನೇ ತರಬೇಕೆ? ಊಟದ ಬೆಲ್ ಆದಾಗ ಹಲ್ಲು ಕಚ್ಚಿಕೊಂಡೇ ಪಕ್ಕದ ಬೀದಿಯ ತನ್ನ ಮನೆಗೆ ಓಡಿದಳು. ಬಾಗಿಲ ಹಿಂದಿದ್ದ ಹಾರೆಯ ತುದಿಗೆ ಸಿಮೆಂಟಿನ ಪುಡಿ ಅಂಟಿತ್ತು.

ವಾಪಸ್ ಬಂದವಳೇ ಗಿಡದ ಹಿಂಬದಿಗೆ ಬಗ್ಗಿ ನೋಡಿದಳು. ಅಲ್ಲಿ ಸಿಮೆಂಟು ಅಂಗೈಯಗಲ ಒಡೆದಿತ್ತು. ಅಪ್ಪ ಶುರು ಮಾಡಿದ್ದರು. ಎಲ್ಲಿಂದ ಮುಂದುವರಿಸಬೇಕೆಂದು ಅವಳಿಗೆ ಗೊತ್ತಾಯಿತು.

ಆ ಸಂದಿಗೆ ಹಾರೆ ತುರುಕಿ, ಮೈಯ ಭಾರವನ್ನೆಲ್ಲ ಹಾಕಿ ಮೀಟಿದಳು.

“ಏಯ್, ಪನಿಶ್‌ಮೆಂಟ್ ಸಿಗುತ್ತೆ!” ಹುಡುಗರು ಕೂಗಿದರು.

“ಸಿಗಲಿ ಬಿಡ್ರೋ!”

ಅಂಗೈಯಲ್ಲಿ ಬೊಬ್ಬೆ ಎದ್ದಿತು. ಕೊನೆಗೆ ಸಿಮೆಂಟೂ ಎದ್ದಿತು. ಕೆಳಗಿನ ಮಣ್ಣು ಬೂದಿಯಂತೆ ಒಣಗಿತ್ತು. ಬಾಟಲಿಯ ನೀರು ಸುರಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಇಂಗಿತು.

“ಅಷ್ಟು ನೀರು ಯಾತಕ್ಕೂ ಸಾಲಲ್ಲ.” ತಾತ ಉದ್ದನೆಯ ಪೈಪ್ ಎಳೆದುಕೊಂಡು ಬಂದು ನಿಂತಿದ್ದರು. “ಹೆಡ್‌ಮಿಸ್ ಹತ್ರ ನಾನು ಮಾತಾಡ್ತೀನಿ.”

ಮೊಂಡಿ ಎರಡೂ ಕೈಯಲ್ಲಿ ಹಾರೆ ಎತ್ತಿ ಕೊಟ್ಟಳು.

ತಾತ ಅದನ್ನೇ ನೋಡುತ್ತಾ, “ನಾಳೆ ಕೊಡ್ತೀನಿ ಅಂದಿದ್ರು ನಿಮ್ಮಪ್ಪ” ಅಂದರು.

“ಸ್ವಲ್ಪ ಲೇಟಾಯ್ತು ತಾತ,” ಅಂದಳು ಮೊಂಡಿ. “ಕೆಲಸ ಮುಗಿದಿರಲಿಲ್ಲ.”